ಎರಡ್ ಸಲ ಬೋರ್ಡೋ ಹೊಡ್ಸಿದ್ರೂ ಅಡಕೆ ಉದುರೋದು ನಿಲ್ತಿಲ್ಲ

ಘಟ್ಟದತೋಟ:
ಯಾರಾದ್ರೂ ದಾರಿ ಹೇಳಿ, ತಲೆ ಕೆಟ್ಟೋಗಿದೆ. ಮರ ಹತ್ತಿ ಔಷಧಿ ಹೊಡಿಯೋ ಕೊನೆಗಾರ್ರು ಸಿಗೋದೇ ಕಷ್ಟ, ಸಿಕ್ಕಿದ ದಿನ ಮಳೆ, ಹಂಗೂ ಹಿಂಗೂ ಕೊಳೆರೋಗಕ್ಕೆ ಅಂತ ಎರಡು ಸಲ ಬೋರ್ಡೋ (ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟು, ಸುಣ್ಣ ಬೆರೆಸಿದ ಔಷಧಿ) ಮುಗಿಸಿದೀವಿ, ಆದ್ರೂ ಬೆಳಿಗ್ಗೆ ತೋಟಕ್ಕಿಳಿದ್ರೆ ಮರದ ಬುಡದಲ್ಲೆಲ್ಲ ಅಡಕೆ. ಅಪ್ಪನ ಕಾಲದಿಂದ ಇದೇ ಅಳತೆ. ಮೈಲುತುತ್ತ ಡೂಪ್ಲಿಕೇಟ್ ಇರ್ಬೋದಾ?

ಪುತ್ತೂರಡಿಕೆ:
ತುತ್ತ ಅಲ್ಲ ಮಾರಾಯ್ರೆ, ಸುಣ್ಣ. ಗಾಳಿಗೆ ಬಿಟ್ಟ ಹಳೇ ಸುಣ್ಣದಲ್ಲಿ ಏನೂ ಶಕ್ತಿ ಇರುದಿಲ್ಲ. 100 ಲೀಟರಿಗೆ ತುತ್ತ 1 ಕೆಜಿ, ಸುಣ್ಣ 1 ಕೆಜಿ, ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಚೂರಿ ಅದ್ದಿ ನೋಡಿದ್ರಾ? ಕೆಂಪು ಹಿಡಿದ್ರೆ ಸುಣ್ಣ ಸಾಲದು ಅಂತ ಲೆಕ್ಕ.

ಘಟ್ಟದತೋಟ:
ನೋಡಿದೆ, ಉಜ್ಜಿ ಹೊಳಪು ಮಾಡಿದ ಕತ್ತಿನೇ ಒಂದು ನಿಮಿಷ ಅದ್ದಿದ್ದು, ಕೆಂಪು ಹಿಡೀಲಿಲ್ಲ.

ಪುತ್ತೂರಡಿಕೆ:
ಆದ್ರೂ ಸುಣ್ಣವೇ. ಚಿಪ್ಪುಸುಣ್ಣ ತನ್ನಿ, ಕಲ್ಲುಸುಣ್ಣದಲ್ಲಿ ಕಸ ಜಾಸ್ತಿ.

ಶಿರಸಿಭಾವ:
ಕಲ್ಲುಸುಣ್ಣಕ್ಕೆ ಸುಮ್ನೆ ಹೆಸರಿಡ್ಬೇಡಿ. ಹೊಸದಾಗಿ ಸುಟ್ಟಿದ್ದು ತಂದು ಸೋಸಿದ್ರೆ ಆಯ್ತು, ನಮ್ಮಲ್ಲಿ ಎಲ್ಲರೂ ಅದನ್ನೇ ಹಾಕೋದು.

ಸುಳ್ಯದೋಟಿ:
ನಾನು ಈ ವರ್ಷ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಔಷಧಿ ಹೊಡಿಯುವ ಉದ್ದ ಕೋಲು, ತಗೊಂಡೆ, 60 ಅಡಿ. ನೆಲದಲ್ಲೇ ನಿಂತು ಹೊಡೀತೇವೆ, ಮಳೆ ಬಿಟ್ಟ ಎರಡು ಗಂಟೇಲಿ ಒಂದು ಮೂಲೆ ಮುಗೀತದೆ. ಕೊನೆಗಾರರಿಗೆ ಕಾಯುವ ಕೆಲ್ಸವೇ ಇಲ್ಲ.

ಶಿರಸಿಭಾವ:
ದೋಟಿಯಿಂದ ಗೊನೆ ಹಿಂಬದಿ ನೆನೆಯತ್ತಾ? ನಮ್ಮ ಮರ ಎತ್ತರ ಇದೆ.

ಸುಳ್ಯದೋಟಿ:
ನೆನೀತದೆ, ನಳಿಗೆ ಬಗ್ಗಿಸಿ ಕಟ್ಬೇಕು. ಫೋಟೋ ಹಾಕ್ತೇನೆ.

ಹಳೇಮರ:
ತಮ್ಮಾ, ಎಲ್ಲಾರೂ ಔಷಧಿ ಬಗ್ಗೆನೇ ಮಾತಾಡ್ತಿದಾರೆ, ಬಿದ್ದ ಕಾಯಿ ಹೆಂಗಿದೆ ಅಂತ ಯಾರೂ ಕೇಳ್ಲಿಲ್ಲ. ಉದುರೋಕೆ ಶುರುವಾಗಿದ್ದು ಯಾವಾಗ?

ಘಟ್ಟದತೋಟ:
ಮೇ ಕೊನೆಯಿಂದ್ಲೇ. ಆಗ ರೋಹಿಣಿ ಮಳೆನೂ ಸರಿಯಾಗಿ ಹಿಡಿದಿರ್ಲಿಲ್ಲ.

ಹಳೇಮರ:
ಹಂಗಾದ್ರೆ ಆಗ ಬಿದ್ದಿದ್ದು ಕೊಳೆ ಅಲ್ಲ. ಕೊಳೆಯ ಬೀಜಕಣ ನೀರಲ್ಲಿ ಈಜಿ ಕಾಯಿಗೆ ಸೇರತ್ತೆ, ಹಿಡಿದ ಮಳೆ, ನಡುನಡುವೆ ಬಿಸಿಲು, ತಂಪು ಇದ್ರೇನೇ ಅದು ಹಬ್ಬೋದು. 1910ರಷ್ಟು ಹಿಂದೇನೇ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅನ್ನೋ ವಿಜ್ಞಾನಿ ಈ ಕೊಳೆ ಬಗ್ಗೆ ಬರೆದಿದ್ರು, ಮಳೆಗೆ ಮೊದಲೇ ಬೋರ್ಡೋ ಹೊಡಿಯೋ ರೂಢಿ ಅಷ್ಟು ಹಳೇದು. ಇವತ್ತು ಬಿದ್ದಿದ್ದರಲ್ಲಿ 20 ಕಾಯಿ ಆರಿಸಿ ಉದ್ದುದ್ದ ಸೀಳಿ ನೋಡು.

ಘಟ್ಟದತೋಟ:
ನೋಡಿದೆ ಅಣ್ಣ. 13 ಕಾಯಿ ಮೇಲೆ ಸೂಜಿ ಚುಚ್ಚಿದ ಹಂಗೆ ಕಪ್ಪು ಚುಕ್ಕೆ, ಸೀಳಿದ್ರೆ ಒಳಗಿನ ಎಳೇ ತಿರುಳು ಕಂದಾಗಿದೆ. 7 ಕಾಯಿಗೆ ತೊಟ್ಟಿನ ಹತ್ರ ಕಡುಹಸಿರು ನೀರು ನೀರು, ಮೇಲೆ ಬಿಳಿ ಹತ್ತಿ ತರ.

ಹಳೇಮರ:
ಚುಕ್ಕೆದು ತಿಗಣೆ ಅನ್ನೋ ಕೀಟದ್ದು. ರಸ ಹೀರತ್ತೆ, ಬೇಸಿಗೆ ಕೊನೇಲಿ ಶುರು ಮಾಡತ್ತೆ, ತುತ್ತದಿಂದ ಅದು ಸಾಯಲ್ಲ. ಬಿಳಿದು ಕೊಳೆನೇ. ಮೊದಲ ಔಷಧಿ ಯಾವಾಗ ಹೊಡ್ಸಿದ್ದು?

ಘಟ್ಟದತೋಟ:
ಆರಿದ್ರಾ ಮಳೇಲಿ, ಜೂನ್ 28. ಎರಡನೇದು ಜುಲೈ 20.

ಹಳೇಮರ:
ತಡ ಆಯ್ತು. ಮುಂಗಾರು ಕೂರೋಕೆ ಮೊದಲೇ ಗೊನೆ ಮೇಲೆ ತುತ್ತ ಒಣಗಿ ಅಂಟಿರ್ಬೇಕು, ಆಮೇಲೆ 40-45 ದಿನಕ್ಕೆ ಎರಡನೇದು. ನೀನು ಹೊಡಿಯೋ ಹೊತ್ತಿಗೆ ಕೊಳೆ ಒಳಗೆ ಹೊಕ್ಕಿತ್ತು.

ಪುತ್ತೂರಡಿಕೆ:
ಸರಿ, ಆದ್ರೂ ದ್ರಾವಣ ಹುಳಿಯಾ ಅಂತ ಪಿಎಚ್ ಪೇಪರಲ್ಲಿ ಒಮ್ಮೆ ನೋಡಿ. ಸುಣ್ಣ ಕಮ್ಮಿಯಾದ್ರೆ ಹಿಂಗಾರ (ಅಡಿಕೆ ಹೂಗೊಂಚಲು) ಸುಡ್ತದೆ.

ಘಟ್ಟದತೋಟ:
ತಿಗಣೆಗೆ ಈಗ ಏನಾದ್ರೂ ಹೊಡಿಲಾ?

ಹಳೇಮರ:
ಈ ಮಳೇಲಿ ಹೊಡೆದದ್ದೆಲ್ಲ ಹಳ್ಳಕ್ಕೆ. ಬಿದ್ದ ಕಾಯಿ ಒಂದೂ ಬಿಡದೆ ಹೆಕ್ಕಿ ತೋಟದ ಹೊರಗೆ ಹಾಕು, ಕೊಳೆತ ಗೊನೆ ಮರದಲ್ಲೇ ಬಿಡ್ಬೇಡ, ಕೊಳೆ ಸುಳಿಗೆ ಇಳಿದ್ರೆ ಮರವೇ ಹೋಗತ್ತೆ. ಚುಕ್ಕೆ ಕಾಯಿ ಜಾಸ್ತಿ ಬಿದ್ದ ಮರಕ್ಕೆ ಬಣ್ಣ ಬಳಿದಿಡು, ಏಪ್ರಿಲಲ್ಲಿ ಮೊದಲು ಅದೇ ಮರ ನೋಡು.

ಘಟ್ಟದತೋಟ:
ಆಗ್ಲಿ ಅಣ್ಣ. ನಾಳೆ ಬೆಳಿಗ್ಗೆನೇ ಮನೆಯವ್ರೆಲ್ಲ ಬುಟ್ಟಿ ಹಿಡ್ಕೊಂಡು ಇಳೀತೀವಿ, ಕೆಳಗಿನ ತೋಟದಿಂದ ಶುರು.

ಶಿರಸಿಭಾವ:
ದೋಟಿ ಫೋಟೋ ಇನ್ನೂ ಬರ್ಲಿಲ್ಲ?