ಸಹಾಯ ಬೇಕು: ನಟರ ತಲೆಯ ಮೇಲೆ ತೂಗುವ ಚೌಕಟ್ಟಿನ ಸುರಕ್ಷತೆ

ಹೊಸ ನಾಟಕಕ್ಕಾಗಿ 120 ಕಿಲೋ ತೂಕದ ಮರದ ಚೌಕಟ್ಟನ್ನು ನಟರ ತಲೆಯ ಮೇಲೆ ತೂಗುಹಾಕಬೇಕಿದೆ. ಒಂದೇ ಕೊಂಡಿಯಿಂದ ಇಳಿಯುವ ಎರಡು ಉಕ್ಕಿನ ಹಗ್ಗಗಳು ಅದರ ಎರಡೂ ತುದಿಗಳನ್ನು ಹಿಡಿಯಬೇಕೆಂಬುದು ಈಗಿನ ಯೋಜನೆ. ಹಗ್ಗಗಳ ನಡುವಿನ ಕೋನ 120 ಡಿಗ್ರಿಯಾದರೆ ಪ್ರತಿ ಹಗ್ಗದ ಮೇಲೂ ಅರ್ಧವಲ್ಲ, ಪೂರ್ತಿ ಭಾರದಷ್ಟೇ ಎಳೆತ ಬೀಳುತ್ತದೆ. ಇದನ್ನು ನಿರ್ದೇಶಕರಿಗೆ ಒಪ್ಪಿಸುವುದೇ ಇನ್ನೊಂದು ನಾಟಕ! ಛಾವಣಿ ತಗ್ಗು, ಕೋನ ಕಿರಿದಾಗಿಸಲು ಜಾಗವಿಲ್ಲ. ಪ್ರತಿ ತುದಿಗೂ ಬೇರೆ ನೇರ ಹಗ್ಗ ಇಳಿಸಿ, ಸಡಿಲವಿಲ್ಲದಂತೆ ಎರಡನೆಯ ಸುರಕ್ಷತಾ ಹಗ್ಗ ಕಟ್ಟುವುದು ಸರಿಯೇ?

ಇನ್ನೊಂದು ಪ್ರಶ್ನೆ. ಹಗ್ಗದ ತುದಿಯನ್ನು ಮಡಿಚಿ ಕುಣಿಕೆಯಾಗಿ ಬಿಗಿಯುವ ಯು-ಬೋಲ್ಟ್ ಕ್ಲಿಪ್ಪಿನ ತಡಿ (ಬೋಲ್ಟಿನ ಎದುರು ಹಗ್ಗಕ್ಕೆ ಆನಿಸುವ ತುಂಡು) ಭಾರ ಹೊರುವ ಎಳೆಯ ಕಡೆಗಿರಬೇಕು. ನಮಗೆ ಸಿಕ್ಕಿರುವ ಹಳೆಯ ಹಗ್ಗಗಳಲ್ಲಿ ಕೆಲವು ಕ್ಲಿಪ್ಪುಗಳು ತಲೆಕೆಳಗಾಗಿವೆ. ಅವುಗಳ ಒತ್ತಡಕ್ಕೆ ಚಪ್ಪಟೆಯಾದ ತುದಿಯನ್ನಷ್ಟೇ ಕತ್ತರಿಸಬಹುದೇ, ಇಡೀ ಹಗ್ಗವನ್ನೇ ಎಸೆಯಬೇಕೇ? ತೊಲೆಯ ಬಲವನ್ನು ಎಂಜಿನಿಯರ್ ಪರಿಶೀಲಿಸುತ್ತಾರೆ.

ಈ ಕೆಲಸದಲ್ಲಿ ಕೈ ಪಳಗಿದವರು ದಯವಿಟ್ಟು ಉತ್ತರಿಸಿ. ‘ಏನೂ ಆಗುವುದಿಲ್ಲ’ ಎನ್ನುವವರು ನಮ್ಮ ತಂಡದಲ್ಲೇ ಸಾಕಷ್ಟಿದ್ದಾರೆ.