ಲ್ಯಾನ್ಸ್‌ಡೌನ್ ಕಟ್ಟಡದ ದುರಸ್ತಿಗೆ ಸಾರ್ವಜನಿಕ ಹಣ: ಯಾವ ಲೆಕ್ಕದಿಂದ, ಯಾವ ಷರತ್ತಿನ ಮೇಲೆ?

ಪಾದಚಾರಿ (ಪ್ರಶ್ನೆ)

ಮೈಸೂರಿನ ಕೃಷ್ಣರಾಜ ವೃತ್ತದಿಂದ ಜಗನ್ಮೋಹನ ಅರಮನೆಯ ಕಡೆಗೆ ಹೊರಳುವಾಗ ಸಿಗುವ ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನಾನು ವಾರಕ್ಕೆ ಎರಡು ಮೂರು ಸಲವಾದರೂ ಹಾದುಹೋಗುತ್ತೇನೆ. 1892ರಲ್ಲಿ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಊರಿಗೆ ಬಂದ ನೆನಪಿಗೆ ಎದ್ದ ಈ ಕಟ್ಟಡದಲ್ಲಿ ಕೆಳಗೆ ಅಂಗಡಿಸಾಲು, ಮೇಲೆ ಬಾಡಿಗೆಯ ಕೋಣೆಗಳು ಇದ್ದವು. ಕಾಲೇಜಿನ ದಿನಗಳಲ್ಲಿ ಹಳೆಯ ಪಠ್ಯಪುಸ್ತಕಗಳನ್ನು ಅರ್ಧ ಬೆಲೆಗೆ ಕೊಳ್ಳಲು, ಪರೀಕ್ಷೆ ಮುಗಿದ ಮೇಲೆ ಅವನ್ನೇ ಕಾಲು ಬೆಲೆಗೆ ಮಾರಲು ನಾವೆಲ್ಲ ಹೋಗುತ್ತಿದ್ದುದು ಅಲ್ಲಿಗೇ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್ 28ರಂದು, ಹತ್ತಿರದ ದೇವರಾಜ ಮಾರುಕಟ್ಟೆಯ ಧನ್ವಂತ್ರಿ ರಸ್ತೆಯ ಕಡೆಯ ಭಾಗವೂ ಬಿತ್ತು. ಅಂದಿನಿಂದ ಈ ಎರಡನ್ನೂ ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆದೇ ಇದೆ. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟುವ ತೀರ್ಮಾನಕ್ಕೆ ದಾರಿ ಬಿಟ್ಟುಕೊಟ್ಟ ಮೇಲೂ ಊರಿನಲ್ಲಿ ಆ ಮಾತು ತಣಿದಿಲ್ಲ.

ಕೆಡವುವುದು ಸರಿಯೋ ತಪ್ಪೋ ಎಂಬುದಕ್ಕಿಂತ ನನ್ನನ್ನು ಕಾಡುವುದು ಹಣದ ಪ್ರಶ್ನೆ. ದುರಸ್ತಿಯಾಗಲಿ, ಹಳೆಯ ನಮೂನೆಯಲ್ಲೇ ಹೊಸದಾಗಿ ಕಟ್ಟುವುದಾಗಲಿ, ಎರಡಕ್ಕೂ ತೆರಿಗೆದಾರರ ಹಣವೇ ಬೇಕು. ಒಳಚರಂಡಿ ಉಕ್ಕುವ, ಎರಡು ದಿನಕ್ಕೊಮ್ಮೆ ನೀರು ಕಾಣುವ ಬಡಾವಣೆಯವನು, ವ್ಯಾಪಾರಕ್ಕೆ ಬಳಕೆಯಾಗುವ ಕಟ್ಟಡವೊಂದಕ್ಕೆ ಕೋಟಿಗಟ್ಟಲೆ ಏಕೆ ಸುರಿಯಬೇಕೆಂದು ಕೇಳಿದರೆ ನಾನು ಏನು ಉತ್ತರ ಕೊಡಲಿ? ದಶಕಗಳ ಕಾಲ ಕಡಿಮೆ ಬಾಡಿಗೆಯಲ್ಲಿ ಕುಳಿತವರ ಪಾಲು ಎಷ್ಟಿರಬೇಕು? ವಿಷಯ ಬಲ್ಲವರು ಭಾವುಕತೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಉತ್ತರಿಸಿದರೆ ಉಪಕಾರವಾಗುತ್ತದೆ.

ಸುಣ್ಣ ಸುರ್ಕಿ

ನಾನು ಮೂವತ್ತು ವರ್ಷ ಕಟ್ಟಡ ಇಲಾಖೆಗಳ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ ಸುಮಾರು ಹತ್ತು ವರ್ಷ ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಕಳೆದಿವೆ. ಎಷ್ಟು ಕೋಟಿ ಎಂದು ಕೇಳುವ ಮೊದಲು, ಆ ಕೋಟಿ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದು ಗೊತ್ತಿರಬೇಕು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಕಾಲದ ಇಂಥ ಕಟ್ಟಡಗಳ ಮೇಲ್ಚಾವಣಿ ಸಾಮಾನ್ಯವಾಗಿ ಮದ್ರಾಸ್ ತಾರಸಿ. ತೇಗದ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಹಾಯಿಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿದ ಕಾಂಕ್ರೀಟನ್ನು ಹಾಸಿ, ಮರದ ಹಲಗೆಗಳಿಂದ ದಿನಗಟ್ಟಲೆ ತಟ್ಟುತ್ತಾರೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರುವುದು ಈ ಹಂತದಲ್ಲಿ. ಕೊನೆಗೆ ಚಪ್ಪಟೆ ಹೆಂಚು. ಈ ಮಾಡು ಸರಿಯಾಗಿ ನೋಡಿಕೊಂಡರೆ ನೂರು ವರ್ಷ ದಾಟುತ್ತದೆ. ಅದನ್ನು ಕೊಲ್ಲುವುದು ಬಹುತೇಕ ನೀರು. ತಾರಸಿಯ ನೀರು ಹೋಗುವ ತೂತು ಎಲೆಯಿಂದ ಕಟ್ಟಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಕೈಪಿಡಿ ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ಒದ್ದೆಯಾಗಿ ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಕಬ್ಬಿಣದಂತೆ ಕಾಣುತ್ತದೆ. ತುದಿಗೆ ದಬ್ಬಳ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಒಳಗಿಳಿಯುತ್ತದೆ. ನಾನು ಇದನ್ನು ನನ್ನ ಕೈಯಾರೆ ನೋಡಿದ್ದೇನೆ.

ಇದರ ಮೇಲೆ ನಾವು ಮಾಡುವ ಎರಡನೆಯ ತಪ್ಪು ಸಿಮೆಂಟು. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಹೊರಗಿನಿಂದ ಸಿಮೆಂಟು ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಹಿಟ್ಟಾಗುತ್ತದೆ. ಒಂದು ತಾಲ್ಲೂಕು ಕೇಂದ್ರದಲ್ಲಿ, ಊರಿನ ಹೆಸರು ಬೇಡ, ಹಬ್ಬಕ್ಕೆ ಮುಂಚೆ ಮುಗಿಯಬೇಕೆಂಬ ಒತ್ತಡದಲ್ಲಿ ನಾವೇ ಹಾಗೆ ಬಳಿದೆವು. ಮೂರನೆಯ ಮಳೆಗಾಲಕ್ಕೆ ಗಿಲಾವು ಹಲಗೆಯಂತೆ ಕಳಚಿ ಬಿತ್ತು, ಅದರ ಜೊತೆಗೆ ಎರಡು ಇಂಚು ಇಟ್ಟಿಗೆಯೂ ಬಂತು. ಬಿಲ್ಲು ಮಾತ್ರ ಅಷ್ಟರಲ್ಲಿ ಪಾವತಿಯಾಗಿತ್ತು.

ಸರ್ಕಾರಿ ಅಂದಾಜುಪಟ್ಟಿಯ ತೊಡಕು ಇರುವುದು ಇಲ್ಲಿಯೇ. ದರಪಟ್ಟಿಯನ್ನು ಮುಂದಿಟ್ಟುಕೊಂಡು ಬರೆಯುವ ಅಂದಾಜಿನಲ್ಲಿ ಹೊಸ ಕಾಂಕ್ರೀಟು ಚದರಕ್ಕೆ ಇಷ್ಟು ಎಂದು ಸಲೀಸಾಗಿ ಬರುತ್ತದೆ. ಮೂರು ವಾರ ಕೊಳೆಹಾಕಿದ ಸುಣ್ಣ, ಅದನ್ನು ಅರೆಯುವ ಕೂಲಿ, ತೊಲೆಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆಯುವ ಬಡಗಿಯ ದಿನಗಳು ಹಾಗೆ ಬರುವುದಿಲ್ಲ. ಆದ್ದರಿಂದ ಕಾಗದದ ಮೇಲೆ ದುರಸ್ತಿ ದುಬಾರಿಯಾಗಿಯೂ ಅನಿಶ್ಚಿತವಾಗಿಯೂ, ಕೆಡವಿ ಕಟ್ಟುವುದು ಅಗ್ಗವಾಗಿಯೂ ಖಚಿತವಾಗಿಯೂ ಕಾಣುತ್ತದೆ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರು ಕರೆದಾಗ ಕಡಿಮೆ ದರ ಹಾಕಿದವನಿಗೆ ಕೆಲಸ ಹೋಗುವುದು ರೂಢಿ. ಅರ್ಹತೆಯ ವಿವರ ಒಂದರಲ್ಲಿ, ದರ ಇನ್ನೊಂದರಲ್ಲಿ ಇರುವ ಎರಡು ಲಕೋಟೆಯ ಪದ್ಧತಿಯಲ್ಲಿ ಮೊದಲು ಅರ್ಹತೆಯನ್ನು ಅಳೆಯಲು ಅವಕಾಶವಿದ್ದರೂ, ಸುಣ್ಣದ ಕೆಲಸ ಮಾಡಿ ತೋರಿಸಿದ ಅನುಭವವನ್ನು ಅರ್ಹತೆಯೆಂದು ಬರೆಯುವ ಧೈರ್ಯ ಕಡಿಮೆ. ದೇವರಾಜ ಮಾರುಕಟ್ಟೆಯ ಭಾಗ ಬಿದ್ದದ್ದು ದುರಸ್ತಿ ನಡೆಯುತ್ತಿದ್ದ ಕಾಲದಲ್ಲಿ ಎಂಬುದನ್ನು ಮರೆಯಬಾರದು. ತಪ್ಪು ಷರತ್ತಿನಲ್ಲಿ ಹಣ ಕೊಡುವುದಕ್ಕಿಂತ ಕೊಡದೇ ಇರುವುದು ಕೆಲವೊಮ್ಮೆ ಕಟ್ಟಡಕ್ಕೆ ಕ್ಷೇಮ.

ಅಂಗಡಿ ಮನೆಯವನು

ಬಾಡಿಗೆದಾರರ ಬಗ್ಗೆ ಕೇಳಿದ್ದೀರಿ. ನನ್ನ ತಂದೆ ಬೇರೊಂದು ಊರಿನ ಪೌರಸಂಸ್ಥೆಯ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕುಂಕುಮ, ಊದುಬತ್ತಿ ಮಾರಿದವರು. ಆದ್ದರಿಂದ ನಾನು ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬಾಡಿಗೆ ಕಡಿಮೆಯಿತ್ತು ಎಂಬುದು ನಿಜ. ತಿಂಗಳ ಬಾಡಿಗೆಗಿಂತ ದೀಪಾವಳಿಯ ಒಂದು ದಿನದ ವ್ಯಾಪಾರ ದೊಡ್ಡದಾಗಿರುತ್ತಿತ್ತು. ಆದರೆ ಆ ಬಾಡಿಗೆಗೆ ಸಿಗುತ್ತಿದ್ದುದೇನು? ಮಳೆಗಾಲದಲ್ಲಿ ತಂದೆಯವರು ಸರಕಿನ ಮೇಲೆ ತಾಡಪಾಲು ಹೊದಿಸಿ, ಸೋರುವ ಜಾಗಕ್ಕೆ ಎಣ್ಣೆಯ ಡಬ್ಬ ಇಟ್ಟು ಮನೆಗೆ ಬರುತ್ತಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಡಬ್ಬ ತುಂಬಿರುತ್ತಿತ್ತು. ಕಚೇರಿಗೆ ಅರ್ಜಿ ಕೊಟ್ಟರೆ ಬಾಡಿಗೆ ಕಡಿಮೆಯಿರುವುದರಿಂದ ದುರಸ್ತಿಗೆ ಹಣವಿಲ್ಲವೆಂದು ಹೇಳುತ್ತಿದ್ದರು, ಬಾಡಿಗೆ ಹೆಚ್ಚಿಸಲು ಬಂದರೆ ನಾವು ಮೊದಲು ದುರಸ್ತಿ ಮಾಡಿ ಎನ್ನುತ್ತಿದ್ದೆವು. ಇದು ಇಪ್ಪತ್ತು ವರ್ಷ ನಡೆಯಿತು. ಈ ಮಧ್ಯೆ ಕೆಲವರು ಮಾಡಿನ ಕೆಳಗೆ ತಾವೇ ಅಟ್ಟ ಹಾಕಿಕೊಂಡರು, ಗೋಡೆ ಕೊರೆದು ಶಟರು ಕೂರಿಸಿದರು, ಒಬ್ಬರು ಎರಡು ಮಳಿಗೆಯ ನಡುವಣ ಗೋಡೆಯನ್ನೇ ತೆಗೆದರು. ನಮ್ಮವರ ತಪ್ಪನ್ನು ನಾನು ಮುಚ್ಚಿಡುವುದಿಲ್ಲ.

ಇನ್ನೊಂದು ವಿಷಯ. ಮೂಲ ಬಾಡಿಗೆದಾರನಿಂದ ಒಳಬಾಡಿಗೆಗೆ ತೆಗೆದುಕೊಂಡವನು ಮಾರುಕಟ್ಟೆಯ ದರವನ್ನೇ ಕೊಡುತ್ತಿರುತ್ತಾನೆ. ವ್ಯತ್ಯಾಸ ನಡುವಿನವನ ಜೇಬಿಗೆ ಹೋಗುತ್ತದೆ. ಪಾಲು ವಸೂಲಿ ಮಾಡುವುದಾದರೆ ಮೊದಲು ಅಂಗಡಿಯಲ್ಲಿ ನಿಜವಾಗಿ ಕುಳಿತಿರುವವನು ಯಾರೆಂಬುದರ ಪಟ್ಟಿ ಆಗಬೇಕು. ಜೊತೆಗೆ, ಕೆಲಸ ನಡೆಯುವಾಗ ವ್ಯಾಪಾರಿ ಎಲ್ಲಿ ಕೂರಬೇಕು, ಮುಗಿದ ಮೇಲೆ ಅದೇ ಮಳಿಗೆ ಸಿಗುತ್ತದೆಯೋ ಹರಾಜಾಗುತ್ತದೆಯೋ ಎಂಬುದು ಬರಹದಲ್ಲಿ ಇರಬೇಕು. ಅದಿಲ್ಲದಿದ್ದರೆ ಯಾರೂ ಬೀಗ ಕೊಡುವುದಿಲ್ಲ, ತಡೆಯಾಜ್ಞೆ ತರುತ್ತಾರೆ, ಮೀಸಲಿಟ್ಟ ಅನುದಾನ ಮಾರ್ಚಿಗೆ ಹಿಂದಿರುಗುತ್ತದೆ.

ಲೆಕ್ಕಪತ್ರ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಹಣ ಎಲ್ಲಿಂದ ಬರಬಹುದು ಎಂಬುದನ್ನಷ್ಟೇ ನಾನು ಸೇರಿಸುತ್ತೇನೆ.

ಮೈಸೂರಿನ ಸ್ಥಿತಿ ಸ್ವಲ್ಪ ವಿಚಿತ್ರ. ಪಾರಂಪರಿಕ ನಗರವೆಂದು ನಾವು ಎಷ್ಟೇ ಹೇಳಿಕೊಂಡರೂ, ಪಾರಂಪರಿಕ ನಗರಗಳಿಗೆಂದೇ ಕೇಂದ್ರ 2015ರಲ್ಲಿ ತಂದ ಹೃದಯ್ ಯೋಜನೆಯ 12 ಊರುಗಳಲ್ಲಿ ಕರ್ನಾಟಕದಿಂದ ಇದ್ದುದು ಬಾದಾಮಿ ಮಾತ್ರ. ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ರಾಜ್ಯದ ಏಳು ನಗರಗಳಿದ್ದರೂ ಮೈಸೂರು ಇರಲಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಮೈಸೂರಿನಂಥ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ ಕಟ್ಟುಹಾಕಿದ ಹಣ. ಅದನ್ನು ತಾರಸಿಗೆ ತಿರುಗಿಸಲಾಗದು. ನಿಮ್ಮ ಬಡಾವಣೆಯವನಿಗೆ ಕೊಡಬಹುದಾದ ಒಂದು ಉತ್ತರ ಇಲ್ಲಿದೆ: ಅವನ ನೀರಿನ ಹಣವೂ ಈ ಕಟ್ಟಡದ ಹಣವೂ ಒಂದೇ ಚೀಲದಿಂದ ಬರಬೇಕೆಂದಿಲ್ಲ. ಮೈಸೂರನ್ನು ಸೇರಿಸಿಕೊಂಡಿರುವ ಸ್ವದೇಶ ದರ್ಶನ 2.0ರಂಥ ಪ್ರವಾಸೋದ್ಯಮದ ಯೋಜನೆಯ ಹಣ ಮುಂಭಾಗದ ಅಂದಕ್ಕೆ ಒದಗಬಹುದು, ಆದರೆ ಗೋಡೆಯೊಳಗಿನ ತೊಲೆಯ ತುದಿಗೆ ಒದಗುವುದು ಕಷ್ಟ. 1996ರ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಡುವ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ. ಬಾಡಿಗೆ ಮಳಿಗೆಗಳಿಗೆ ದಾನಿಗಳು ಮುಂದೆ ಬರುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಅಹಮದಾಬಾದಿನ ಹಳೆಯ ಊರಿನಲ್ಲಿ ಪಾರಂಪರಿಕ ಮನೆಯನ್ನು ಉಳಿಸಿಕೊಂಡ ಮಾಲೀಕರಿಗೆ ಬೇರೆಡೆ ಮಾರಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಹೆಚ್ಚುವರಿ ಕಟ್ಟಡ ಕಟ್ಟುವ ಹಕ್ಕು, ಕೊಡುತ್ತಾರೆ. ಅದು ಖಾಸಗಿ ಮಾಲೀಕನನ್ನು ಒಲಿಸುವ ದಾರಿ. ಲ್ಯಾನ್ಸ್‌ಡೌನ್ ಪಾಲಿಕೆಯದೇ ಆಸ್ತಿ, ಅಂದರೆ ನಮ್ಮದೇ.

ಹಾಗಾಗಿ ಇದನ್ನು ವರ್ತಕರಿಗೆ ಕೊಡುವ ಸಹಾಯಧನವೆಂದು ನೋಡುವುದು ತಪ್ಪು; ಮಾಲೀಕನು ತನ್ನ ಮನೆಯ ಮಾಡನ್ನು ಸರಿಪಡಿಸುವುದು ಸಹಾಯಧನವಾಗುವುದಿಲ್ಲ. ಆದರೆ ಮಾಲೀಕ ಬಾಡಿಗೆಯನ್ನು ಸಾಮಾನ್ಯ ಖಾತೆಗೆ ಹಾಕಿ ಕರಗಿಸಿದರೆ ಮುಂದಿನ ಮೂವತ್ತು ವರ್ಷಕ್ಕೆ ಮತ್ತೆ ಇದೇ ಕಥೆ. ರಾಜ್ಯದ ಅನುದಾನ ಒಮ್ಮೆ ಬರಲಿ. ಅದರ ಷರತ್ತಾಗಿ ಈ ಕಟ್ಟಡದ ಬಾಡಿಗೆ ಒಂದು ಪ್ರತ್ಯೇಕ ಖಾತೆಗೆ ಹೋಗಿ, ಅದರ ನಿಗದಿತ ಪಾಲು ಪ್ರತಿ ವರ್ಷ ನಿರ್ವಹಣೆಗೇ ಖರ್ಚಾಗಬೇಕು ಎಂದಿರಲಿ. ಬಾಡಿಗೆಯನ್ನು ಒಮ್ಮೆಲೇ ಮಾರುಕಟ್ಟೆ ದರಕ್ಕೆ ಏರಿಸಿದರೆ ಹಳೆಪುಸ್ತಕದವನು ಹೋಗಿ ಮೊಬೈಲ್ ಮಳಿಗೆ ಬರುತ್ತದೆ; ಐದಾರು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವುದು ಮೇಲು.

ಪಾದಚಾರಿ

ಮೂವರಿಗೂ ಕೃತಜ್ಞತೆಗಳು. ನಾನು ಕೇಳಿದ ರೀತಿಯೇ ಸ್ವಲ್ಪ ವಕ್ರವಾಗಿತ್ತೆಂದು ಈಗ ಅನ್ನಿಸುತ್ತಿದೆ. ಕಟ್ಟಡ ನಮ್ಮದೇ ಎಂಬುದನ್ನು ಬಿಟ್ಟು ವರ್ತಕರದು ಎಂದೇ ಯೋಚಿಸುತ್ತಿದ್ದೆ. ಒಂದು ಅನುಮಾನ ಉಳಿದಿದೆ. ಕೆಡವಿ ಅದೇ ನಮೂನೆಯಲ್ಲಿ ಕಟ್ಟಿದರೆ ಈ ಖಾತೆ, ಷರತ್ತು ಎಲ್ಲವನ್ನೂ ಅಲ್ಲಿಯೂ ಹಾಕಬಹುದಲ್ಲವೇ? ಹಾಗಿದ್ದರೆ ಹಳೆಯ ಗೋಡೆಗಾಗಿ ಹಟ ಹಿಡಿಯುವುದು ಏಕೆ?

ಸುಣ್ಣ ಸುರ್ಕಿ

ಹಾಕಬಹುದು, ಹಾಕಲೇಬೇಕು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೂ ನೀರೇ ಶತ್ರು. ನಿರ್ವಹಣೆಯಿಲ್ಲದೆ ನಲವತ್ತು ವರ್ಷಕ್ಕೇ ಸರಳು ಹೊರಬಂದ ಸರ್ಕಾರಿ ಕಟ್ಟಡಗಳನ್ನು ನೀವೂ ನೋಡಿರುತ್ತೀರಿ. ಕಮಾನನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದರೆ ರಸ್ತೆಯಿಂದ ನೋಡುವವರಿಗೆ ವ್ಯತ್ಯಾಸ ತಿಳಿಯದೇ ಇರಬಹುದು. ಆದರೆ ಸುಣ್ಣ ಅರೆಯುವ, ತಾರಸಿ ತಟ್ಟುವ ಕೆಲಸ ಕಲಿಯಲು ಈ ಊರಿನ ಹುಡುಗರಿಗೆ ಸಿಗಬಹುದಾದ ದೊಡ್ಡ ಜಾಗ ಕೈತಪ್ಪುತ್ತದೆ, ಮತ್ತು ಊರಿನಲ್ಲಿ ಇದೇ ಕೆಲಸಕ್ಕೆ ಕಾದಿರುವ ಹಳೆಯ ಕಟ್ಟಡಗಳು ಇನ್ನೂ ಎಷ್ಟೋ ಇವೆ. ಎಲ್ಲವನ್ನೂ ಕೆಡವಲಾರಿರಿ. ನನ್ನನ್ನು ಕೇಳಿದರೆ, ಪೂರ್ತಿ ಅಂದಾಜಿಗೆ ಕಾಯದೆ, ಮುಂಗಾರಿಗೆ ಮುಂಚೆ ಒಂದು ಸಣ್ಣ ಮೊತ್ತ ಬಿಡುಗಡೆ ಮಾಡಿಸಿ ತಾರಸಿಯ ನೀರು ಹೋಗುವ ತೂತುಗಳನ್ನು ಬಿಡಿಸಲಿ, ಅರಳಿ ಗಿಡಗಳನ್ನು ಬೇರುಸಹಿತ ತೆಗೆಸಲಿ, ಪ್ರತಿ ತೊಲೆಯ ತುದಿಗೂ ದಬ್ಬಳ ಚುಚ್ಚಿ ಎಷ್ಟು ಕೊಳೆತಿವೆ ಎಂದು ಬರೆದಿಡಲಿ. ಆ ಪಟ್ಟಿ ಕೈಯಲ್ಲಿದ್ದರೆ ಉಳಿಸಲು ಎಷ್ಟು ಕೋಟಿ ಬೇಕೆಂಬ ಅಂಕಿ ತಾನಾಗಿ ಹೊರಬೀಳುತ್ತದೆ.