ಚೆರ್ರಿ ಜಾಮ್: ಥರ್ಮಾಮೀಟರ್, ಪೆಕ್ಟಿನ್ ಇಲ್ಲದೆ ಮಾಡಿದವರು ಹೇಳಿ

ಜಯನಗರದಿಂದ ಕೇಳ್ತಿದ್ದೀನಿ. ಮಾರ್ಕೆಟ್ಟಿಗೆ ಕಾಶ್ಮೀರದ ಚೆರ್ರಿ ಬಂದಿದೆ ಅಂತ ಎರಡು ಕೆಜಿ ತಂದೆ. ಬೀಜ ತೆಗೆಯೋ ಸಲಕರಣೆ ಇಲ್ಲ, ಜಾಮ್ ಗಟ್ಟಿ ಮಾಡೋ ಪೆಕ್ಟಿನ್ ಪುಡಿ ಇಲ್ಲ, ಥರ್ಮಾಮೀಟರ್ರೂ ಇಲ್ಲ. ಮಕ್ಕಳಿಗೆ ಬಣ್ಣ ಹಾಕದ ಜಾಮ್ ಮಾಡಿಕೊಡೋ ಆಸೆ. ಮನೆಯಲ್ಲಿ ಮಾಡಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ:
ಧಾರಾಳವಾಗಿ ಆಗುತ್ತೆ. ಚೆರ್ರಿ ಬಂದಾಗಲೆಲ್ಲ ನಮ್ಮನೇಲಿ ಮಾಡ್ತೀವಿ. ದಪ್ಪ ತಳದ, ಅಗಲವಾದ ಸ್ಟೀಲ್ ಪಾತ್ರೆ ಇದ್ದರೆ ಸಾಕು. ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತೆ. ಎರಡು ಕೆಜಿಯನ್ನೂ ಒಟ್ಟಿಗೆ ಹಾಕಬೇಡಿ. ನೀರಿಂಗೋಕೆ ತುಂಬ ಹೊತ್ತು ಹಿಡಿದು, ಆ ಚೆಂದದ ಕೆಂಪು ಕಂದಾಗಿಬಿಡುತ್ತೆ.

ಬೀಜ ತೆಗೆಯೋಕೆ ಕಿರಿದಾದ ಬಾಯಿಯ ಗಾಜಿನ ಬಾಟಲಿ ಮೇಲೆ ಹಣ್ಣು ಕೂರಿಸಿ, ತೊಟ್ಟು ಕಿತ್ತ ಜಾಗದಲ್ಲಿ ಚಾಪ್‌ಸ್ಟಿಕ್ಕಿನ ಮೊಂಡು ತುದಿಯಿಂದ ಒತ್ತಿ. ಬೀಜ ಟಪ್ಪಂತ ಬಾಟಲಿಯೊಳಗೆ ಬೀಳುತ್ತೆ, ರಸವೂ ಅಷ್ಟಾಗಿ ಹಾರಲ್ಲ. ಹಳೇ ಬಟ್ಟೆ ಹಾಕ್ಕೊಂಡೇ ಕೂತ್ಕೊಳ್ಳಿ. ಕೊನೆಗೆ ಹಣ್ಣಿನಲ್ಲಿ ಕೈಯಾಡಿಸಿ ನೋಡಿ, ಒಂದು ಬೀಜ ಉಳಿದರೂ ಮಕ್ಕಳ ಹಲ್ಲಿಗೆ ಪೆಟ್ಟು. ಘಮಕ್ಕೆ ಅಂತ ಬೀಜ ಜಜ್ಜಿ ಹಾಕೋರಿದ್ದಾರೆ. ಖಂಡಿತ ಬೇಡ, ಅದರ ತಿರುಳಿನಿಂದ ಸಯನೈಡ್ ಹುಟ್ಟುತ್ತೆ.

ಬೀಜ ತೆಗೆದ ಹಣ್ಣು 1 ಕೆಜಿಗೆ ಸಕ್ಕರೆ 700 ಗ್ರಾಂ, ರಸವಿರೋ ನಿಂಬೆಹಣ್ಣು ಮೂರು. ನಮಗೆ ಸಿಗೋದು ಸಿಹಿ ಚೆರ್ರಿ. ಅದರಲ್ಲಿ ಹುಳಿಯೂ ಕಮ್ಮಿ, ಪೆಕ್ಟಿನ್ನೂ ಕಮ್ಮಿ. ಅದಕ್ಕೇ ನಿಂಬೆ ಬಿಡೋ ಹಾಗಿಲ್ಲ. ಹಿಂಡಿದ ನಿಂಬೆಯ ಬೀಜ, ಜೊತೆಗೆ ಒಂದು ದೋರೆ ಸೀಬೆಕಾಯಿ ಹೆಚ್ಚಿ, ತೆಳು ಬಟ್ಟೇಲಿ ಗಂಟು ಕಟ್ಟಿ ಪಾತ್ರೆಗೆ ಹಾಕಿ. ಪೆಕ್ಟಿನ್ ಪುಡಿಯ ಕೆಲಸ ಇದೇ ಮಾಡುತ್ತೆ. ಸಕ್ಕರೆ ಬೆರೆಸಿ ಎರಡು ಗಂಟೆ ಬಿಟ್ಟರೆ ಹಣ್ಣೇ ನೀರು ಬಿಡುತ್ತೆ, ಮೇಲೆ ನೀರು ಹಾಕಬೇಡಿ.

ಆಮೇಲೆ ಜೋರು ಉರಿ. ಮೊದಲು ಸಣ್ಣ ಗುಳ್ಳೆಯ ತಿಳಿ ನೊರೆ ಉಕ್ಕುತ್ತೆ. ಸ್ವಲ್ಪ ಹೊತ್ತಿಗೆ ನೊರೆ ಇಳಿದು, ಗುಳ್ಳೆ ದಪ್ಪಗಾಗಿ ಹೊಳೆಯುತ್ತೆ, ಸದ್ದೂ ಭಾರವಾಗುತ್ತೆ. ಆಗ ಪಕ್ಕ ಬಿಟ್ಟು ಹೋಗಬೇಡಿ, ತಳ ಹಿಡಿಯೋದು ಆವಾಗಲೇ. ಮೊದಲೇ ಫ್ರೀಜರ್‌ನಲ್ಲಿಟ್ಟ ಸ್ಟೀಲ್ ತಟ್ಟೆ ಮೇಲೆ ಅರ್ಧ ಚಮಚ ಹಾಕಿ, ಗ್ಯಾಸ್ ಆರಿಸಿ, ಒಂದು ನಿಮಿಷ ಬಿಟ್ಟು ಬೆರಳಲ್ಲಿ ತಳ್ಳಿ. ಮೇಲೆ ಸುಕ್ಕು ಕಟ್ಟಿದರೆ ಹದ ಬಂತು. ನೀರಾಗಿ ಹರಿದರೆ ಇನ್ನೆರಡು ನಿಮಿಷ ಕುದಿಸಿ ಮತ್ತೆ ನೋಡಿ.

ರಾಜಾಜಿನಗರದಿಂದ:
ಮೇಡಂ ಹೇಳಿದ ತಟ್ಟೆ ಪರೀಕ್ಷೆಯನ್ನೇ ನಂಬಿ. ಥರ್ಮಾಮೀಟರ್ ಇಲ್ಲ ಅಂತ ಬೇಜಾರು ಬೇಡ. ಹೊರದೇಶದ ರೆಸಿಪಿಗಳಲ್ಲಿ 105 ಡಿಗ್ರಿ ಅಂತಿರುತ್ತೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯೋದರಿಂದ ಜಾಮ್ ಹದವೂ 102ಕ್ಕೇ ಬಂದಿರುತ್ತೆ. 105ರ ತನಕ ಕಾದರೆ ಜಾಮ್ ಅಂಟಂಟಾಗಿ ಗಟ್ಟಿಯಾಗುತ್ತೆ.

ಬಾಟಲಿಗಳನ್ನ ಹತ್ತು ನಿಮಿಷ ನೀರಲ್ಲಿ ಕುದಿಸಿ. ಬಾಟಲಿ ಬಿಸಿ ಇರುವಾಗಲೇ ಬಿಸಿ ಜಾಮ್ ತುಂಬಬೇಕು, ತಣ್ಣಗಿದ್ದರೆ ಗಾಜು ಸೀಳುತ್ತೆ. ಹಳೇ ಜಾಮ್ ಬಾಟಲಿಯ ಮುಚ್ಚಳ ಎರಡನೇ ಸಲ ಗಾಳಿಯಾಡದಂತೆ ಕೂರುತ್ತೆ ಅಂತ ಭರವಸೆ ಇಡೋಕಾಗಲ್ಲ. ಫ್ರಿಜ್ಜಲ್ಲೇ ಇಡಿ, ಒದ್ದೆ ಚಮಚ ತಾಗಿಸಬೇಡಿ.

ವಿಜಯನಗರದಿಂದ:
ನಮ್ಮದು ಮಲೆನಾಡು ಕಡೆ. ಕೆಂಪಗೆ ಬಲಿತ ಕವಳೆಕಾಯಿ ಸಿಕ್ಕರೆ ಒಂದು ಹಿಡಿ ಚೆರ್ರಿ ಜೊತೆ ಹಾಕಿ ನೋಡಿ. ಹುಳಿ, ಪೆಕ್ಟಿನ್ ಎರಡೂ ಅದರಲ್ಲಿವೆ, ಬೀಜ ಮಾತ್ರ ತೆಗೀರಿ. ಬೇಕರಿಯವರು ಕೇಕ್ ಮೇಲಿಡೋ ಕೆಂಪು ‘ಚೆರ್ರಿ’ ಎಷ್ಟೋ ಸಲ ಬಣ್ಣ ಹಾಕಿ ಪಾಕದಲ್ಲಿಟ್ಟ ಕವಳೆಕಾಯೇ.

ಇಡೀ ಹಣ್ಣಿನ ಮುರಬ್ಬ ಬೇಕಿದ್ದರೆ ಒಂದೇ ಸಲ ಕುದಿಸಬೇಡಿ. ಸಕ್ಕರೆ ಬೆರೆಸಿ ರಾತ್ರಿಯಿಡೀ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಐದು ನಿಮಿಷ ಕುದಿಸಿ ಆರಿಸಿ, ಮಾರನೇ ದಿನ ಮತ್ತೆ ಕುದಿಸಿ. ಪಾಕ ನಿಧಾನವಾಗಿ ಒಳಗಿಳಿದು ಹಣ್ಣು ಮುದುಡದೆ ದುಂಡಗೇ ಉಳಿಯುತ್ತೆ.

ಜಯನಗರದಿಂದ ಮತ್ತೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದು ಡೌಟು. ಮಾರನೇ ದಿನವೂ ಗಟ್ಟಿಯಾಗದಿದ್ದರೆ?

ಮಲ್ಲೇಶ್ವರದಿಂದ:
ಒಂದು ದಿನ ಪೂರ್ತಿ ಕಾಯಿರಿ, ಆರಿದ ಮೇಲೂ ಗಟ್ಟಿಯಾಗ್ತಾ ಹೋಗುತ್ತೆ. ಆಗಲೂ ನೀರಾಗಿದ್ದರೆ ಇನ್ನೊಂದು ನಿಂಬೆ ಹಿಂಡಿ ಮತ್ತೆ ಕುದಿಸಿ. ಇಲ್ಲಾಂದ್ರೆ ಹಾಗೇ ಫ್ರಿಜ್ಜಲ್ಲಿಟ್ಟು ಮಕ್ಕಳಿಗೆ ಐಸ್‌ಕ್ರೀಮ್ ಮೇಲೆ, ಬಿಸಿ ಚಪಾತಿ ಜೊತೆ ಹಾಕಿಕೊಡಿ.